ಒಂಬತ್ತು ವರ್ಷದ ಹಿಂದಿನ ಗಾಯಕ್ಕೆ ಈಗ ಮೂತ್ರ ಕಟ್ಟುತ್ತದೆಯೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ. ನನಗೆ 31 ವರ್ಷ, ಸಹಕಾರ ಸಂಘವೊಂದರಲ್ಲಿ ಗುಮಾಸ್ತ. 22ನೇ ವಯಸ್ಸಿನಲ್ಲಿ ರೂಮು ಮಾಡಿಕೊಂಡು ಒಬ್ಬನೇ ಇದ್ದಾಗ ಏನೋ ಕುತೂಹಲಕ್ಕೆ ಮೂತ್ರದ ದಾರಿಯೊಳಗೆ ಬಾಲ್‌ಪೆನ್ನಿನ ರೀಫಿಲ್ ಹಾಕಿಕೊಂಡೆ. ತೆಗೆಯುವಾಗ ಜೀವ ಹೋಗುವಷ್ಟು ನೋವಾಗಿ ರಕ್ತ ಬಂತು. ಎರಡು ದಿನ ಉರಿ, ರಕ್ತ. ಆಮೇಲೆ ತಾನಾಗಿಯೇ ನಿಂತಿತು. ರೀಫಿಲ್ಲಿನ ತುದಿ ಅದರಲ್ಲೇ ಇತ್ತೋ ಇಲ್ಲವೋ ನೋಡಲಿಲ್ಲ, ಹೆದರಿ ಎಸೆದುಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮೂರ್ನಾಲ್ಕು ವರ್ಷದಿಂದ ಮೂತ್ರದ ಧಾರೆ ಸಣ್ಣಗಾಗಿದೆ. ಕೆಲವೊಮ್ಮೆ ಎರಡು ಕವಲಾಗಿ ಬರುತ್ತದೆ. ತಿಣುಕಬೇಕು. ಮುಗಿಯಿತು ಎಂದು ಹೊರಗೆ ಬಂದರೆ ಪ್ಯಾಂಟು ಒದ್ದೆಯಾಗುತ್ತದೆ, ಹಾಗಾಗಿ ಯಾವಾಗಲೂ ಕಪ್ಪು ಪ್ಯಾಂಟೇ ಹಾಕುತ್ತೇನೆ. ವರ್ಷಕ್ಕೆ ಒಂದೆರಡು ಸಲ ಉರಿಮೂತ್ರ, ಚಳಿಜ್ವರ. ಅಮ್ಮ ಉಷ್ಣ ಎಂದು ಎಳನೀರು, ಬಾರ್ಲಿ ನೀರು ಕೊಡುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರದ ಗುಪ್ತರೋಗದ ಕ್ಲಿನಿಕ್ಕಿನವರು ಧಾತು ದೌರ್ಬಲ್ಯ ಎಂದು ಪುಡಿ ಕೊಟ್ಟರು. ಇನ್ನೊಬ್ಬರು ಪ್ರಾಸ್ಟೇಟ್ ಮಾತ್ರೆ ಬರೆದುಕೊಟ್ಟರು. ಎರಡರಿಂದಲೂ ಪ್ರಯೋಜನ ಆಗಲಿಲ್ಲ. ಈಗ ನಿಶ್ಚಿತಾರ್ಥ ಆಗಿದೆ, ದೀಪಾವಳಿ ಕಳೆದ ಮೇಲೆ ಮದುವೆ. ಇದಕ್ಕೆಲ್ಲ ಆ ರೀಫಿಲ್ ಕಾರಣವೇ? ಮಕ್ಕಳಾಗುವುದಕ್ಕೆ ತೊಂದರೆಯೇ? ಲೇಸರಿನಲ್ಲಿ ಹತ್ತೇ ನಿಮಿಷಕ್ಕೆ ಸರಿಮಾಡುತ್ತೇವೆ ಎಂಬ ಜಾಹೀರಾತು ನೋಡಿದೆ, ಮಾಡಿಸಿಕೊಳ್ಳಲೇ? ಹುಡುಗಿಗೆ ಹೇಳಬೇಕೆ?

ಉತ್ತರ: ಹೌದು, ಆ ರೀಫಿಲ್ ಕಾರಣವಾಗಿರುವ ಸಾಧ್ಯತೆಯೇ ಹೆಚ್ಚು. ನೀವು ಬರೆದ ಲಕ್ಷಣಗಳೆಲ್ಲ ಮೂತ್ರನಾಳ ಒಂದು ಕಡೆ ಕಿರಿದಾಗಿರುವುದನ್ನು ಹೇಳುತ್ತವೆ. ನಾವು ಇದನ್ನು ಸ್ಟ್ರಿಕ್ಚರ್ ಎನ್ನುತ್ತೇವೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಗುಣವಾಗುತ್ತದೆ. ಆದರೆ ಎಳನೀರಿನಿಂದಾಗಲಿ ಪುಡಿಯಿಂದಾಗಲಿ ಅಲ್ಲ. ಮದುವೆ ದಿನ ನೋಡಿಕೊಂಡು ಮುಂದೂಡುವ ಕೆಲಸವೂ ಇದಲ್ಲ.

ಒಳಗೆ ಏನಾಯಿತು ಎಂದು ಮೊದಲು ಹೇಳುತ್ತೇನೆ. ಗಂಡಸರ ಮೂತ್ರನಾಳ ಸುಮಾರು 18ರಿಂದ 20 ಸೆಂಟಿಮೀಟರ್ ಉದ್ದ. ಅದು ನೇರವಾದ ಕೊಳವೆ ಅಲ್ಲ. ಶಿಶ್ನದ ಉದ್ದಕ್ಕೂ ಬಂದು ವೃಷಣದ ಹಿಂದೆ, ನಾವು ಸೈಕಲ್ ಸೀಟಿನ ಮೇಲೆ ಕೂರುವ ಜಾಗದಲ್ಲಿ, ಮೇಲಕ್ಕೆ ಬಾಗಿ ಮೂತ್ರಕೋಶಕ್ಕೆ ಹೋಗುತ್ತದೆ. ಗಟ್ಟಿಯಾದ, ಬಾಗದ ವಸ್ತು ಒಳಗೆ ಹೋದರೆ ಆ ತಿರುವಿನ ಗೋಡೆಗೆ ಹೋಗಿ ಚುಚ್ಚುತ್ತದೆ. ಹೊರತೆಗೆಯುವಾಗ ಅಂಚು ತಗುಲಿ ದಾರಿಯುದ್ದಕ್ಕೂ ಗೀರಬಹುದು. ನಾಳದ ಒಳಪದರ ಬಹಳ ತೆಳು, ಅದರ ಸುತ್ತ ರಕ್ತ ತುಂಬಿದ ಸ್ಪಂಜಿನಂಥ ಮಾಂಸ. ಪದರ ಹರಿದಾಗ ಮೂತ್ರ ಆ ಮಾಂಸದೊಳಕ್ಕೆ ಜಿನುಗುತ್ತದೆ. ಹೊರಗಡೆ ರಕ್ತ ಎರಡು ದಿನಕ್ಕೆ ನಿಲ್ಲುತ್ತದೆ, ನೋವೂ ಹೋಗುತ್ತದೆ. ಒಳಗೆ ಮಾತ್ರ ಸ್ಪಂಜು ಇದ್ದ ಜಾಗದಲ್ಲಿ ಬಿಳಿಯ ಗಟ್ಟಿ ಕಲೆ ಕಟ್ಟುತ್ತದೆ, ಅದು ತಿಂಗಳು, ವರ್ಷ ಕಳೆದಂತೆ ಸುತ್ತಲಿನದನ್ನೂ ಎಳೆದುಕೊಂಡು ಕುಗ್ಗುತ್ತಾ ಹೋಗುತ್ತದೆ.

ಇಷ್ಟು ವರ್ಷ ಗೊತ್ತಾಗಲಿಲ್ಲವಲ್ಲ ಎಂದು ನಿಮಗೆ ಅನಿಸಿರಬಹುದು. ಪೂರ್ತಿ ಬಿಚ್ಚಿಕೊಂಡಾಗ ನಾಳ ಹೆಚ್ಚುಕಡಿಮೆ 8ರಿಂದ 10 ಮಿಲಿಮೀಟರ್ ಅಗಲ ಇರುತ್ತದೆ. ಅದು ಅರ್ಧಕ್ಕಿಂತ ಕಿರಿದಾಗುವವರೆಗೆ ಮೂತ್ರಕೋಶ ಜೋರು ಹಾಕಿ ಹೇಗೋ ನಿಭಾಯಿಸುತ್ತದೆ. ಧಾರೆ ದಿನಕ್ಕಿಷ್ಟು ಸಣ್ಣಗಾದರೆ ನಮಗೇ ತಿಳಿಯುವುದಿಲ್ಲ, ನಾವು ಮೊದಲಿನಿಂದಲೂ ಹೀಗೇ ಎಂದು ಒಗ್ಗಿಕೊಳ್ಳುತ್ತೇವೆ. ಸಿನಿಮಾ ಥಿಯೇಟರಿನಲ್ಲೋ ಆಫೀಸಿನಲ್ಲೋ ಪಕ್ಕ ನಿಂತವರು ಬಂದು ಮುಗಿಸಿ ಹೋದಾಗಲೇ ಹಲವರಿಗೆ ಹೊಳೆಯುವುದು.

ಈಗ ನನಗೆ ಅತಿ ಮುಖ್ಯ ಅನಿಸುವ ವಿಷಯ. ನೀವು ನೋಡಿದ ಇಬ್ಬರಲ್ಲಿ ಒಬ್ಬರಿಗೂ ರೀಫಿಲ್ಲಿನ ವಿಷಯ ಹೇಳಿಲ್ಲ ಎಂದು ಪತ್ರದ ಧಾಟಿಯಿಂದ ಊಹಿಸುತ್ತೇನೆ. ದಯವಿಟ್ಟು ಹೇಳಿ. ಮುಜುಗರ ನನಗೆ ಅರ್ಥವಾಗುತ್ತದೆ, ಆದರೆ ಯೂರಾಲಜಿ, ಅಂದರೆ ಮೂತ್ರರೋಗಗಳ, ಹೊರರೋಗಿ ವಿಭಾಗದಲ್ಲಿ ಇದು ಹೊಸ ಕತೆಯಲ್ಲ. ಪೆನ್ನು, ವೈರು, ಪಿನ್ನು, ಬೀಜ, ಕಡ್ಡಿ, ಎಲ್ಲವನ್ನೂ ನಮ್ಮ ವೃತ್ತಿಯ ಪತ್ರಿಕೆಗಳು ದಶಕಗಳಿಂದ ದಾಖಲಿಸುತ್ತ ಬಂದಿವೆ. ನಿಮ್ಮನ್ನು ನಾಚಿಸಲಿಕ್ಕೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಏನು ಹೋಯಿತು, ಎಷ್ಟು ಒಳಗೆ ಹೋಯಿತು, ಯಾವಾಗ ಹೋಯಿತು ಎಂದು ಗೊತ್ತಾದರೆ ಕಲೆ ಎಲ್ಲಿರಬಹುದು, ಒಂದೇ ಕಡೆ ಇದೆಯೇ, ಉದ್ದಕ್ಕೂ ಇದೆಯೇ ಎಂದು ಹುಡುಕುವುದು ಸುಲಭವಾಗುತ್ತದೆ. ಗೊತ್ತಾಗದೆ ಹೋದರೆ 31 ವರ್ಷದವನಿಗೆ ಪ್ರಾಸ್ಟೇಟ್ ಮಾತ್ರೆ ಸಿಗುತ್ತದೆ. ಆ ವಯಸ್ಸಿಗೆ, ಮೂತ್ರಕೋಶದ ಬುಡದಲ್ಲಿ ನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ದಾರಿ ಮುಚ್ಚುವುದು ತೀರಾ ಅಪರೂಪ, ಮತ್ತು ಆ ಮಾತ್ರೆ ಸ್ನಾಯುವನ್ನು ಸಡಿಲಿಸಬಲ್ಲದೇ ಹೊರತು ಕಲೆಯನ್ನು ಕರಗಿಸಲಾರದು.

ರೀಫಿಲ್ಲಿನ ತುದಿಯ ಬಗ್ಗೆ ಬರೆದದ್ದು ಒಳ್ಳೆಯದಾಯಿತು. ಒಂಬತ್ತು ವರ್ಷ ಅದು ನಾಳದಲ್ಲೇ ಕೂತಿರುವ ಸಾಧ್ಯತೆ ಕಡಿಮೆ. ಆದರೆ ಮೂತ್ರಕೋಶಕ್ಕೆ ಜಾರಿದ ಸಣ್ಣ ಚೂರಿನ ಮೇಲೆ ಮೂತ್ರದ ಲವಣಗಳು ಪದರ ಪದರವಾಗಿ ಕೂತು ಕಲ್ಲಾಗುತ್ತದೆ. ವರ್ಷಕ್ಕೆ ಎರಡು ಸಲ ಚಳಿಜ್ವರದ ಜೊತೆ ಸೋಂಕು ಬರುತ್ತಿದ್ದರೆ ಅದನ್ನೂ ನೋಡಿಬಿಡಬೇಕು. ಹಿತ್ತಾಳೆ ಅಥವಾ ಉಕ್ಕಿನ ತುದಿ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಕೊಳವೆಯ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಅದಕ್ಕೆ ಸ್ಕ್ಯಾನಿಂಗ್ ಬೇಕು, ಅನುಮಾನ ಉಳಿದರೆ ಕ್ಯಾಮೆರಾ ಹಾಕಿ ನೋಡಬೇಕು. ಹಾಗಾಗಿ 'ಎಕ್ಸ್‌ರೇ ನಾರ್ಮಲ್' ಎಂದು ಬಂದ ತಕ್ಷಣ ಸಮಾಧಾನಪಟ್ಟುಕೊಳ್ಳಬೇಡಿ. ಒಳಗೆ ಹೋದದ್ದು ಪ್ಲಾಸ್ಟಿಕ್ಕು ಎಂದು ಸ್ಕ್ಯಾನಿಂಗ್ ಮಾಡುವವರಿಗೂ ತಿಳಿದಿರಲಿ.

ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಲೆಕ್ಕ ಮಾಡಿಕೊಳ್ಳಬಹುದು. ಅಳತೆ ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಮಗ್ಗೊಂದನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಮೂತ್ರ ಬಂದಾಗ ಅದರಲ್ಲಿ ಮಾಡಿ, ಫೋನಿನ ಸ್ಟಾಪ್‌ವಾಚಿನಲ್ಲಿ ಸೆಕೆಂಡ್ ನೋಡಿ. ಆರೋಗ್ಯವಂತ ಯುವಕ 300 ಎಂಎಲ್ ಮೂತ್ರವನ್ನು ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಮುಗಿಸುತ್ತಾನೆ. ನಿಮಗೆ ಒಂದೂವರೆ ನಿಮಿಷ, ಎರಡು ನಿಮಿಷ ಹಿಡಿದರೆ ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಇದನ್ನೇ ಯೂರೋಫ್ಲೋ ಎಂಬ ಯಂತ್ರ ಮಾಡುತ್ತದೆ: ಬಾಗಿಲು ಹಾಕಿಕೊಂಡು ಆಲಿಕೆಯೊಳಗೆ ಮೂತ್ರ ಮಾಡುತ್ತೀರಿ, ಪಕ್ಕದಲ್ಲಿ ಕಾಗದದ ಮೇಲೆ ಗೆರೆ ಮೂಡುತ್ತದೆ. ನೋವಿಲ್ಲ, ಸೂಜಿ ಇಲ್ಲ. ಸರಿಯಿದ್ದವರ ಗೆರೆ ಸರ್ರನೆ ಏರಿ ಸೆಕೆಂಡಿಗೆ 15 ಎಂಎಲ್ ದಾಟಿ ಇಳಿಯುತ್ತದೆ. ಸ್ಟ್ರಿಕ್ಚರ್ ಇದ್ದವರ ಗೆರೆ ಐದಾರು ಎಂಎಲ್‌ಗೆ ಏರಿ, ಅಲ್ಲೇ ಮಟ್ಟವಾಗಿ ಹೋಗುತ್ತ ಹೋಗುತ್ತ ಮುಗಿಯುವುದೇ ಇಲ್ಲ. ಅಷ್ಟು ನೋಡಿದರೇ ನಮಗೆ ಅರ್ಧ ಉತ್ತರ ಸಿಗುತ್ತದೆ.

ಉಳಿದ ಅರ್ಧಕ್ಕೆ ಆರ್‌ಜಿಯು ಎಂಬ ಎಕ್ಸ್‌ರೇ. ಶಿಶ್ನದ ತುದಿಯಿಂದ ಔಷಧಿಯ ದ್ರವ ಬಿಟ್ಟು, ಸ್ವಲ್ಪ ಓರೆಯಾಗಿ ಮಲಗಿಸಿ ಚಿತ್ರ ತೆಗೆಯುತ್ತಾರೆ. ನಾಳದ ಆಕಾರ ಅದರಲ್ಲಿ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಎಲ್ಲಿ ಕಿರಿದಾಗಿದೆ, ಎಷ್ಟು ಉದ್ದ, ಒಂದು ಕಡೆಯೋ ಎರಡು ಕಡೆಯೋ ಎಂಬುದೆಲ್ಲ ಇದರಿಂದಲೇ ತಿಳಿಯಬೇಕು. ಒಂದೆರಡು ನಿಮಿಷ ಉರಿಯುತ್ತದೆ, ಅಷ್ಟೇ. ಜೊತೆಗೆ ಸೋಂಕು ಹುಡುಕುವ ಮೂತ್ರದ ಕಲ್ಚರ್, ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನಿಂಗ್.

ಲೇಸರ್ ಜಾಹೀರಾತಿನ ಬಗ್ಗೆ ಕೇಳಿದ್ದೀರಿ. ಆರ್‌ಜಿಯು ಮಾಡಿಸದೆ ಯಾರಾದರೂ ನಾಳದೊಳಗೆ ದಾರಿ ಹಿಗ್ಗಿಸುವ ಸಲಾಕೆ ಅಥವಾ ಲೇಸರ್ ಹಾಕಲು ಹೊರಟರೆ ಅಲ್ಲಿಂದ ಎದ್ದು ಬನ್ನಿ. ಲೇಸರ್ ಆಗಲಿ, ದುರ್ಬೀನಿನ ಒಳಗಿನ ಸಣ್ಣ ಚಾಕುವಾಗಲಿ, ಮಾಡುವುದು ಒಂದೇ ಕೆಲಸ: ಕಲೆಯನ್ನು ಒಂದು ಕಡೆ ಸೀಳಿ ದಾರಿ ಅಗಲ ಮಾಡುವುದು. ಸೀಳಿದ್ದೂ ಗಾಯವೇ, ಅದೂ ಮತ್ತೆ ಕಲೆಯಾಗಬಹುದು. ವೃಷಣದ ಹಿಂದಿನ ಭಾಗದಲ್ಲಿ, ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಮೊದಲ ಸಲ ಆಗಿರುವ ಸ್ಟ್ರಿಕ್ಚರ್‌ಗೆ ಇದನ್ನು ಒಮ್ಮೆ ಮಾಡಿ ನೋಡಬಹುದು. ಸುಮಾರು ಅರ್ಧದಷ್ಟು ಜನರಿಗೆ ಅದರಲ್ಲೇ ಸರಿಹೋಗುತ್ತದೆ. ಮತ್ತೆ ಬಂದರೆ ಅದನ್ನೇ ಎರಡನೇ, ಮೂರನೇ ಸಲ ಮಾಡಿಸುವುದರಲ್ಲಿ ಅರ್ಥವಿಲ್ಲ. ಆರು ತಿಂಗಳಿಗೊಮ್ಮೆ ಸೀಳಿಸಿಕೊಂಡು, ನಡುನಡುವೆ ಸಲಾಕೆ ಹಾಕಿಸಿಕೊಂಡು, ಒಂದು ಸೆಂಟಿಮೀಟರಿನ ತೊಂದರೆಯನ್ನು ಐದು ಸೆಂಟಿಮೀಟರಿಗೆ ಬೆಳೆಸಿಕೊಂಡು ಬರುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಇನ್ನು ಶಿಶ್ನದೊಳಗಿನ ಭಾಗದಲ್ಲಿ ಸ್ಟ್ರಿಕ್ಚರ್ ಇದ್ದರೆ ಸೀಳುವ ಚಿಕಿತ್ಸೆ ಬಹುತೇಕ ಉಳಿಯುವುದಿಲ್ಲ.

ಉಳಿಯುವ ಚಿಕಿತ್ಸೆ ಎಂದರೆ ಯುರೆಥ್ರೋಪ್ಲಾಸ್ಟಿ. ಚಿಕ್ಕ ಕಲೆಯಾದರೆ ಅಷ್ಟನ್ನು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ಉದ್ದವಿದ್ದರೆ ಕೆನ್ನೆಯ ಒಳಗಿನ ತೆಳು ಪದರವನ್ನು ತೆಗೆದು ನಾಳಕ್ಕೆ ತೇಪೆ ಹಾಕುತ್ತಾರೆ. ಬಾಯಿ ಸದಾ ಒದ್ದೆಯಿರುವ ಜಾಗ, ಅಲ್ಲಿನ ಪದರಕ್ಕೆ ಮೂತ್ರದ ಒದ್ದೆಯಲ್ಲಿ ಬದುಕುವುದು ಕಷ್ಟವಲ್ಲ. 1941ರಲ್ಲೇ ಇಂಗ್ಲೆಂಡಿನ ಗ್ರಹಾಂ ಹಂಬಿ ಹುಟ್ಟಿನಿಂದ ನಾಳದ ದೋಷವಿದ್ದವರಿಗೆ ಬಾಯಿಯ ಪದರ ಬಳಸಿದ್ದರು. ಅದು ಎಲ್ಲೆಡೆ ರೂಢಿಗೆ ಬಂದದ್ದು 1990ರ ದಶಕದಲ್ಲಿ. ಇಡೀ ನಾಳ ಕಿರಿದಾದವರಿಗೆ ಒಂದೇ ಬದಿಯಿಂದ ಬಿಡಿಸಿ ಈ ತೇಪೆ ಹಾಕುವ ವಿಧಾನವನ್ನು ರೂಪಿಸಿದವರು ನಮ್ಮ ಪಕ್ಕದ ಪುಣೆಯ ಡಾ. ಸಂಜಯ ಕುಲಕರ್ಣಿ, ಜಗತ್ತಿನ ಬೇರೆ ಬೇರೆ ದೇಶದವರು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಅನುಭವಿ ಕೈಯಲ್ಲಿ ಈ ಶಸ್ತ್ರಚಿಕಿತ್ಸೆ ನೂರಕ್ಕೆ 85ರಿಂದ 90 ಜನರಲ್ಲಿ ಫಲ ಕೊಡುತ್ತದೆ.

ಇಲ್ಲೊಂದು ಮಾತು ಕೇಳಲೇಬೇಕು: ನೀವು ಗುಟ್ಕಾ, ಅಡಿಕೆ, ತಂಬಾಕು ಹಾಕುತ್ತೀರಾ? ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಗು ಬಿಳಿಚಿ ಹಗ್ಗದಂತೆ ಬಿಗಿದಿರುತ್ತದೆ, ಬಾಯಿ ತೆರೆಸಿದರೆ ಎರಡು ಬೆರಳು ಹೋಗುವುದಿಲ್ಲ. ಅಂಥ ಪದರ ತೇಪೆಗೆ ಬರುವುದಿಲ್ಲ, ನಾಲಿಗೆಯ ಅಡಿಯಿಂದಲೋ ಬೇರೆ ಕಡೆಯಿಂದಲೋ ತೆಗೆಯಬೇಕಾಗುತ್ತದೆ. ಅಭ್ಯಾಸ ಇದ್ದರೆ ಈ ಪತ್ರಿಕೆ ಕೆಳಗಿಡುವ ಮೊದಲೇ ಬಿಡಿ.

ಆಪರೇಷನ್ ಆದರೆ ಆಸ್ಪತ್ರೆಯಲ್ಲಿ ಕೆಲವೇ ದಿನ, ಮೂತ್ರದ ಕೊಳವೆಯೊಂದಿಗೆ ಸಾಮಾನ್ಯವಾಗಿ ಎರಡು ಮೂರು ವಾರ. ಬಾಯಿ ಮಾಗುವವರೆಗೆ ಖಾರ ಬಿಟ್ಟು ಮೊಸರನ್ನ, ತಣ್ಣನೆ ಗಂಜಿ. ಬೈಕು, ಸೈಕಲ್ಲು ಡಾಕ್ಟರ್ ಹೇಳುವವರೆಗೆ ಬೇಡ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಈ ಶಸ್ತ್ರಚಿಕಿತ್ಸೆ ಅದರಲ್ಲಿ ಹೇಗೆ ಬರುತ್ತದೆ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿಕೊಳ್ಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆಯೇ ಇದೆ.

ಹೀಗೇ ಬಿಟ್ಟರೆ ಏನಾಗುತ್ತದೆ? ತಿಣುಕಿ ತಿಣುಕಿ ಮೂತ್ರಕೋಶದ ಗೋಡೆ ದಪ್ಪವಾಗಿ, ಕೊನೆಗೆ ಸೋತು, ಒಳಗೆ ಮೂತ್ರ ಉಳಿಯತೊಡಗುತ್ತದೆ. ಉಳಿದಲ್ಲಿ ಸೋಂಕು, ಕಲ್ಲು. ಸೋಂಕು ವೃಷಣಕ್ಕೆ ಇಳಿದರೆ ಬಾವು. ಒತ್ತಡ ಹಿಂದಕ್ಕೆ ಏರಿ ಏರಿ ಕಿಡ್ನಿಗಳನ್ನೇ ಹಾಳು ಮಾಡಿದ ಉದಾಹರಣೆಗಳಿವೆ. ಯಾವತ್ತಾದರೂ ಮೂತ್ರ ಪೂರ್ತಿ ಕಟ್ಟಿಕೊಂಡರೆ, ಅಥವಾ ವೃಷಣದ ಹಿಂದೆ ಊತ ಬಂದು ಜ್ವರ ಏರಿದರೆ, ಅದು ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಬೇಕು. ಹೋದ ಕೂಡಲೇ "ನನಗೆ ಸ್ಟ್ರಿಕ್ಚರ್ ಇರಬಹುದು" ಎನ್ನಿ. ಆಗ ಅವರು ಕೆಳಗಿನಿಂದ ಬಲವಂತವಾಗಿ ಕೊಳವೆ ತಳ್ಳದೆ, ಕಿಬ್ಬೊಟ್ಟೆಯ ಮೂಲಕ ಹಾಕುತ್ತಾರೆ.

ಮಕ್ಕಳ ವಿಷಯ. ಸ್ಟ್ರಿಕ್ಚರ್ ವೃಷಣದಲ್ಲಿ ವೀರ್ಯಾಣು ಹುಟ್ಟುವುದನ್ನು ತಡೆಯುವುದಿಲ್ಲ. ಕಿರಿದಾದ ದಾರಿಯಿಂದ ವೀರ್ಯ ರಭಸವಿಲ್ಲದೆ, ಸ್ವಲ್ಪ ಸ್ವಲ್ಪವಾಗಿ ಜಿನುಗಬಹುದು, ದಾರಿ ಸರಿಯಾದರೆ ಅದೂ ಬಹುಪಾಲು ಸರಿಯಾಗುತ್ತದೆ. ಮೇಲಿಂದ ಮೇಲೆ ಸೋಂಕಾಗಿ ವೀರ್ಯನಾಳ ಮುಚ್ಚಿಕೊಂಡರೆ ಮಾತ್ರ ತೊಂದರೆ, ಬೇಗ ಚಿಕಿತ್ಸೆ ಮಾಡಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ನಿಮಿರುವಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಳದೊಳಗಿನ ಗೀರಿನಿಂದ ಅದು ಹೋಗುವುದು ಸಾಮಾನ್ಯವಲ್ಲ. ಕಲೆ ಆಳವಾಗಿದ್ದರೆ ನಿಮಿರಿದಾಗ ಬಾಗು, ಎಳೆತ ಇರಬಹುದು, ಹಾಗಿದ್ದರೆ ಡಾಕ್ಟರಿಗೆ ತಿಳಿಸಿ. ಆಪರೇಷನ್ ನಂತರ ಕೆಲವರಿಗೆ ನಿಮಿರುವಿಕೆ ಒಂದಷ್ಟು ತಿಂಗಳು ಕಡಿಮೆಯಾಗಿ ಮತ್ತೆ ಬರುತ್ತದೆ. ಧಾತುವಿನ ಪುಡಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಅದನ್ನು ನಿಲ್ಲಿಸಿ. ಅದರಲ್ಲಿ ಏನಿದೆ ಎಂದು ಬರೆಯದ ಪುಡಿ ಕಿಡ್ನಿಗೆ ಒಳ್ಳೆಯದಲ್ಲ.

ಹುಡುಗಿಗೆ ಏನು ಹೇಳಬೇಕು? ಮೂತ್ರನಾಳದಲ್ಲಿ ಹಳೆಯ ಗಾಯದಿಂದ ತೊಂದರೆ ಇದೆ, ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದೇನೆ, ಕೆಲವು ವಾರ ವಿಶ್ರಾಂತಿ ಬೇಕಾಗಬಹುದು ಎಂದು ಹೇಳಿ. ಅದು ಅವರಿಗೆ ತಿಳಿಯಬೇಕಾದ ವಿಷಯ, ಮದುವೆಯ ನಂತರ ಕೊಳವೆ ಕಂಡು ಗಾಬರಿಯಾಗುವ ಹಾಗೆ ಆಗಬಾರದು. ಗಾಯ ಹೇಗಾಯಿತು ಎಂಬುದನ್ನು ಯಾವಾಗ ಹೇಳಬೇಕು, ಹೇಳಬೇಕೇ ಎಂಬುದು ನಿಮಗೆ ಬಿಟ್ಟದ್ದು. ಡಾಕ್ಟರೂ ನಿಮ್ಮ ಅನುಮತಿಯಿಲ್ಲದೆ ಅದನ್ನು ಮನೆಯವರಿಗೆ ಹೇಳುವಂತಿಲ್ಲ. ಮುಹೂರ್ತಕ್ಕೆ ಮುಂಚೆ ಪರೀಕ್ಷೆಗಳನ್ನಾದರೂ ಮುಗಿಸಿಬಿಡಿ, ಬೇಕಾದರೆ ಹಿರಿಯರ ಹತ್ತಿರ ಮಾತಾಡಿ ದಿನ ಮುಂದೂಡಿ. ಆ ಕುತೂಹಲ ಅಂದೇ ಮುಗಿದಿದ್ದರೆ ಅದರ ಬಗ್ಗೆ ಕೊರಗಬೇಡಿ. ಈಗಲೂ ಆ ಸೆಳೆತ ಬರುತ್ತಿದ್ದರೆ, ಅಥವಾ ಮನಸ್ಸು ಕೆಟ್ಟಾಗ ಮೈಗೆ ನೋವು ಮಾಡಿಕೊಳ್ಳಬೇಕೆನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ನಾಲ್ಕು ತಿಂಗಳ ಹಿಂದೆ ಸೊಂಟದ ಮೂಳೆ ಆಪರೇಷನ್ ಆದ ರಾತ್ರಿ ಸನ್ನಿ ಹಿಡಿದವರ ಹಾಗೆ ಮಾತಾಡುತ್ತ ಮೂತ್ರದ ಕೊಳವೆಯನ್ನು ಎಳೆದು ಕಿತ್ತುಕೊಂಡರು. ಹಾಸಿಗೆಯೆಲ್ಲ ರಕ್ತ. ಮತ್ತೆ ಕೊಳವೆ ಹಾಕಿ ವಾರ ಬಿಟ್ಟು ತೆಗೆದರು. ಈಗ ಚೆನ್ನಾಗಿದ್ದಾರೆ. ಮುಂದೆ ಏನಾದರೂ ಆಗಬಹುದೇ? – ಶಿರಸಿಯಿಂದ ಮಗಳು

ಉತ್ತರ: ಆಗಲೇಬೇಕೆಂದಿಲ್ಲ, ಆಗಬಹುದು. ಕೊಳವೆಯ ತುದಿಯ ಬಲೂನಿನಲ್ಲಿ ಸಾಮಾನ್ಯವಾಗಿ 10 ಎಂಎಲ್ ನೀರು ತುಂಬಿರುತ್ತಾರೆ, ಅದು ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಉಬ್ಬಿರುತ್ತದೆ. ಒಂದು ಸೆಂಟಿಮೀಟರ್ ಅಗಲದ ದಾರಿಯಲ್ಲಿ ಅದು ಹಾಗೇ ಹೊರಬಂದರೆ ಎಷ್ಟು ಕಡೆ ಹರಿದಿರಬಹುದು ನೋಡಿ. ಇಂಥ ಗಾಯವೂ ಮೇಲೆ ಹೇಳಿದ ಸ್ಟ್ರಿಕ್ಚರ್‌ಗೆ ದಾರಿ ಮಾಡುತ್ತದೆ. ಕೊಳವೆಯಿಂದ ಆದ ಗಾಯಗಳು ನಮ್ಮಲ್ಲಿ ಕಮ್ಮಿಯೇನಿಲ್ಲ.

ಒಮ್ಮೆ ಈಗ ಯೂರೋಫ್ಲೋ ಮಾಡಿಸಿ, ಚೆನ್ನಾಗಿದ್ದರೆ ವರ್ಷ ತುಂಬಿದಾಗ ಇನ್ನೊಮ್ಮೆ. ಇವರ ವಯಸ್ಸಿಗೆ ಪ್ರಾಸ್ಟೇಟ್ ದೊಡ್ಡದಾಗಿಯೂ ಧಾರೆ ಸಣ್ಣಗಾಗುತ್ತದೆ, ಎರಡೂ ಒಟ್ಟಿಗೇ ಇರಲೂಬಹುದು. ಹಾಗಾಗಿ "ವಯಸ್ಸಾಯಿತಲ್ಲ" ಎಂದು ಮಾತ್ರೆ ನುಂಗಿಸಿ ಕೂರಬೇಡಿ, ಮಾತ್ರೆಗೆ ಬಗ್ಗದಿದ್ದರೆ ಆರ್‌ಜಿಯು ಮಾಡಿಸಿ. ಮೂತ್ರದಲ್ಲಿ ಮತ್ತೆ ರಕ್ತ ಕಂಡರೆ ತಡ ಮಾಡಬೇಡಿ. ಈ ವಯಸ್ಸಿನಲ್ಲಿ ರಕ್ತಕ್ಕೆ ಬೇರೆ ಕಾರಣಗಳೂ ಇರುತ್ತವೆ.

ಮುಂದೆ ಯಾವುದೇ ಆಪರೇಷನ್‌ಗೆ ಸೇರಿಸಿದರೂ, ಕಣ್ಣಿನದೇ ಆಗಿರಲಿ, ಕೊಳವೆ ಹಾಕುವ ಮುಂಚೆ ನರ್ಸ್‌ಗೆ ಈ ಸಂಗತಿ ಹೇಳಿ. ಕೊಳವೆ ಬೇಕೇ ಬೇಕಾ ಎಂದೂ ಕೇಳಿ. ಹಾಕಿದರೆ ತೊಡೆಯ ಮೇಲ್ಭಾಗಕ್ಕೋ ಕಿಬ್ಬೊಟ್ಟೆಗೋ ಟೇಪು ಅಂಟಿಸಿ ಭದ್ರಮಾಡಲಿ, ಜಗ್ಗದ ಹಾಗೆ ಸ್ವಲ್ಪ ಸಡಿಲ ಬಿಡಲಿ. ಹಿರಿಯರಿಗೆ ಆಪರೇಷನ್ ಆದ ಮೊದಲ ಒಂದೆರಡು ರಾತ್ರಿ ಗೊಂದಲ ಆಗುವುದು ಸಾಮಾನ್ಯ. ಆ ರಾತ್ರಿಗಳಲ್ಲಿ ಮನೆಯವರೊಬ್ಬರು ಪಕ್ಕದಲ್ಲಿರಬೇಕು, ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಅವರ ಕೈಗೆಟುಕುವಲ್ಲಿ ಇಡಬೇಕು, ಒಂದು ಸಣ್ಣ ದೀಪ ಉರಿಯುತ್ತಿರಬೇಕು. ಆಗ ಕೈ ಕೊಳವೆಯ ಕಡೆಗೆ ಹೋಗುವುದು ಕಡಿಮೆಯಾಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೊಳವೆ ಕಿತ್ತುಕೊಂಡ ವಿಷಯ ಬರೆದಿದ್ದಾರೆಯೇ ನೋಡಿ, ಇಲ್ಲದಿದ್ದರೆ ತಾರೀಖು ಹಾಕಿ ಬರೆಸಿಕೊಂಡು ಬನ್ನಿ.